ಒಂದೂವರೆ ಅಂಗುಲ

ಪಂಪಣ್ಣನಿಗೆ ಅಂಕಿ ಓದಲು ಬರುತ್ತಿರಲಿಲ್ಲ. ಹದಿನಾಲ್ಕು ಅಡಿಯ ಅಳತೆಕೋಲನ್ನು ನೆಟ್ಟಗೆ ಹಿಡಿದು ನಿಲ್ಲುವುದು ಅವನ ಕೆಲಸ. ಕೋಲಿನ ಮೇಲಿನ ಕೆಂಪು, ಕಪ್ಪು ಅಂಕಿಗಳು ದಿನವಿಡೀ ಅವನ ಮೂಗಿನ ಮುಂದೆಯೇ ಇರುತ್ತಿದ್ದವು. ಅವುಗಳನ್ನು ಇನ್ನೂರು ಅಡಿ ದೂರದಿಂದ ದುರ್ಬೀನಿನಲ್ಲಿ ಓದಿ ಪುಸ್ತಕಕ್ಕೆ ಬರೆಯುವವನು ನಾನು.

ಅದು ೧೯೪೩ರ ಡಿಸೆಂಬರ್. ನನಗೆ ಇಪ್ಪತ್ತೆರಡು, ಅವನಿಗೆ ಐವತ್ತರ ಹತ್ತಿರ. ಕೋಲು ಹಿಡಿಯುವುದರಲ್ಲಿ ಪಳಗಿದ್ದ ಆಳು ಯುದ್ಧಕ್ಕೆ ಸೇರಿ ಬರ್ಮಾದ ಕಡೆ ಹೋಗಿದ್ದ. ಅವನ ಜಾಗಕ್ಕೆ ಪಂಪಣ್ಣನನ್ನು ಹಾಕಿದರು. ಅವನು ಕಂಪ್ಲಿಯವನು, ಹತ್ತೊಂಬತ್ತು ವರ್ಷ ಹೊಲ ಅಳೆಯುವ ಸರಪಳಿ ಎಳೆದವನು. ಉದ್ದ ಅಗಲದ ವಿಷಯದಲ್ಲಿ ಅವನಿಗೆ ಹೇಳಿಕೊಡುವಂಥದ್ದು ಏನೂ ಇರಲಿಲ್ಲ. ಎತ್ತರ ಅಳೆಯುವುದು ಬೇರೆ ವಿದ್ಯೆ. ಅದನ್ನು ಅವನಿಗೆ ಕಲಿಸಬೇಕಾದವನು ನಾನು. ಕೋಲು ನೆಟ್ಟಗಿರಲಿ, ಅಲುಗಬಾರದು ಎಂದಷ್ಟೇ ಹೇಳಿ ಮುಗಿಸಿದೆ.

ಮಲ್ಲಾಪುರದ ಹತ್ತಿರ ಹೊಳೆಗೆ ಕಟ್ಟೆ ಕಟ್ಟುವ ಮಾತು ನಮ್ಮಪ್ಪನ ಕಾಲದಿಂದಲೂ ಇತ್ತು. ಈಗ ಸರ್ಕಾರ ಅಳೆಯಲು ಹೊರಟಿತ್ತು. ಕಟ್ಟೆ ಎದ್ದರೆ ನೀರು ಎಲ್ಲಿಯತನಕ ನಿಲ್ಲುತ್ತದೆ ಎಂದು ಲೆಕ್ಕ ಹಾಕಿ, ಆ ಮಟ್ಟವನ್ನು ನೆಲದ ಮೇಲೆ ಗೆರೆಯಾಗಿ ಗುರುತಿಸಿ ಕಲ್ಲು ನೆಡುವುದು ನಮ್ಮ ತಂಡದ ಕೆಲಸ. ಗೆರೆಯ ಒಳಗಿನ ಮನೆ, ಹೊಲಗಳನ್ನೆಲ್ಲ ಸರ್ಕಾರ ತೆಗೆದುಕೊಂಡು, ಅಲ್ಲಿನ ಜನಕ್ಕೆ ಬೇರೆ ಕಡೆ ಊರು ಕಟ್ಟಿಕೊಡುತ್ತದೆ. ಗೆರೆಯ ಹೊರಗಿನದರ ಗೊಡವೆಗೆ ಸರ್ಕಾರ ಹೋಗುವುದಿಲ್ಲ.

ಪಂಪಣ್ಣ ಮೊದಲ ದಿನವೇ ಕೇಳಿದ್ದ.

"ರಾಯರ, ಈ ಗೆರಿ ಮುದ್ದನಹಟ್ಟಿ ತಂಕ ಹೋಗ್ತೈತೇನ್ರಿ?"

"ಹೋಗ್ತದ. ಯಾಕ?"

"ನನ್ ಮಗಳನ್ನ ಕೊಟ್ಟೀನಿ ಅಲ್ಲಿ. ಉಚ್ಚೆಂಗಿ ಅಂತ. ಹೋದ ವರ್ಷ ಮನಿ ಕಟ್ಯಾಳ."

ಇದ್ದವಳು ಅವಳೊಬ್ಬಳೇ. ಹೆಂಡತಿ ಸತ್ತು ಆರು ವರ್ಷವಾಗಿತ್ತು. ಕಂಪ್ಲಿಯಲ್ಲಿದ್ದ ಪಾಲನ್ನು ತಮ್ಮನಿಗೆ ಬಿಟ್ಟು, ನೌಕರಿ ಮುಗಿದ ಮೇಲೆ ಮಗಳ ಮನೆಯಲ್ಲಿ ಇರುವುದೆಂದು ಅವನು ತೀರ್ಮಾನ ಮಾಡಿಕೊಂಡಿದ್ದ. ಆ ಮನೆ ಗೆರೆಯ ಒಳಗೋ ಹೊರಗೋ ಎಂಬುದನ್ನು ತನ್ನ ಕೈಯಲ್ಲಿನ ಕೋಲೇ ಹೇಳುತ್ತದೆ ಎಂದು ಅವನಿಗೆ ಗೊತ್ತಿತ್ತು. ಓದಲು ಬಾರದ್ದರಿಂದ ನನ್ನ ಮುಖ ನೋಡುತ್ತಿದ್ದ.

ಎತ್ತರ ಅಳೆಯಬೇಕಾದರೆ ಮೊದಲೇ ಗೊತ್ತಿರುವ ಒಂದು ಎತ್ತರದಿಂದ ಹೊರಡಬೇಕು. ಅಂಥ ಜಾಗಗಳಲ್ಲಿ ಸರ್ವೆಯವರು ಬಹಳ ಹಿಂದೆಯೇ ಕಲ್ಲು ಕೊರೆದು ಗುರುತು ಹಾಕಿ ಹೋಗಿದ್ದರು. ಬೆಂಚ್‌ಮಾರ್ಕು ಎನ್ನುತ್ತಿದ್ದೆವು. ಹೊಸಪೇಟೆಯಲ್ಲಿದ್ದದ್ದು ರಸ್ತೆ ಅಗಲ ಮಾಡುವಾಗ ಕಿತ್ತುಹೋಗಿತ್ತು. ಕೆಡದೆ ಉಳಿದಿದ್ದು ಕಮಲಾಪುರದಾಚೆ, ಹಂಪಿಗೆ ಹೋಗುವ ದಾರಿಯ ಪಕ್ಕದ ಒಂದು ಸಣ್ಣ ಪ್ರಾಣದೇವರ ಗುಡಿಯಲ್ಲಿ. ಗುಡಿಯ ಜಗತಿಯ ಕಲ್ಲಿನ ಮೇಲೆ ಒಂದು ಅಡ್ಡಗೆರೆ, ಅದರ ಕೆಳಗೆ ಬಾಣದ ಗುರುತು. ಜಗತಿಯ ಮುಂದೆ ಮೊಳದೆತ್ತರದ ಸುತ್ತುಗೋಡೆ. ಪೂಜೆ ನಮ್ಮ ಸೋದರಮಾವನವರದು. ಅವರ ಹೆಂಡತಿ, ಅಂದರೆ ನನ್ನ ಅತ್ತೆ ಸರಸ್ವತೀಬಾಯಿ, ಗುಡಿಯ ಹಿಂದಿನ ಮನೆಯಲ್ಲೇ ಇದ್ದರು.

ದಾರಿಯಲ್ಲಿ ಪಂಪಣ್ಣನಿಗೆ ಆ ಗುರುತಿನ ವಿಷಯ ಹೇಳಿದ್ದೆ. ಅದು ಸಮುದ್ರದ ಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂಬುದು ಮದ್ರಾಸಿನ ಪುಸ್ತಕದಲ್ಲಿದೆ ಎಂದಾಗ ಅವನು ನಿಂತುಬಿಟ್ಟ.

"ಸಮುದ್ರ ಎಲ್ಲೈತಿ, ನಾವೆಲ್ಲದೀವಿ?"

"ದೂರ ಅದ. ಅಲ್ಲಿಂದ ಹಿಂಗೇ ಕೋಲು ಹಿಡಕೊಂಡು ಒಬ್ಬರ ಹಿಂದ ಒಬ್ಬರು ಅಳಕೊಂಡು ಬಂದಾರ."

"ಅಷ್ಟು ದೂರ?"

"ಹೌದು."

"ನಡಕ ಯಾರಾದ್ರೂ ಎಡವಿದ್ರ?"

ಎಡವಿರಲಿಕ್ಕಿಲ್ಲ ಎಂದೆ.

ಗುಡಿಯಿಂದ ಇನ್ನೂರು ಅಡಿ ದೂರದಲ್ಲಿ ದುರ್ಬೀನಿನ ಯಂತ್ರ ನಿಲ್ಲಿಸಿಕೊಂಡೆ. ಪಂಪಣ್ಣ ಚಪ್ಪಲಿ ಬಿಟ್ಟು, ಕೋಲು ಹೊತ್ತು ಜಗತಿಯ ಹತ್ತಿರ ಹೋದ. ಅಷ್ಟರಲ್ಲಿ ಅತ್ತೆ ಹೊರಗೆ ಬಂದರು. ಕೋಲಿನ ಬುಡಕ್ಕೆ ಕಬ್ಬಿಣದ ಕಟ್ಟು ಇರುತ್ತದೆ; ಅದು ಚರಂಡಿ, ಸುಡುಗಾಡು ಎನ್ನದೆ ಎಲ್ಲ ಕಡೆಯೂ ಊರಿಕೊಂಡು ಬಂದಿರುತ್ತದೆ. ಅದನ್ನು ದೇವರ ಜಗತಿಗೆ ತಾಗಿಸುವುದನ್ನು ಅತ್ತೆ ಒಪ್ಪಲಿಲ್ಲ. ಅವರ ದನಿ ನನಗೆ ಕೇಳಿಸುತ್ತಿತ್ತು, ಮಾತು ಪೂರ್ತಿ ಕೇಳಿಸುತ್ತಿರಲಿಲ್ಲ. ಪಂಪಣ್ಣ ನನ್ನ ಕಡೆ ತಿರುಗಿ, ಏನು ಮಾಡಲಿ ಎಂಬಂತೆ ಕೈಯೆತ್ತಿದ. ಹೊತ್ತು ಏರುತ್ತಿತ್ತು. ಬಿಸಿಲು ಬಲಿತರೆ ದುರ್ಬೀನಿನಲ್ಲಿ ಅಂಕಿಗಳು ಕುಣಿಯಲು ಶುರುಮಾಡುತ್ತವೆ, ಓದಲಾಗುವುದಿಲ್ಲ. ಅವರು ಹೇಳಿದಂತೆ ಮಾಡು ಎಂದು ನಾನು ಕೈಬೀಸಿದೆ.

ಅತ್ತೆ ಒಳಗೆ ಹೋಗಿ ಏನೋ ತಂದರು. ಸುತ್ತುಗೋಡೆ ಅಡ್ಡವಿದ್ದುದರಿಂದ ಏನೆಂದು ಕಾಣಲಿಲ್ಲ. ಕೋಲು ನೆಟ್ಟಗೆ ನಿಂತಿತು. ನಾನು ಅಂಕಿ ಓದಿ ಬರೆದುಕೊಂಡೆ. ಗುರುತಿನ ಮೇಲೆ ಕೋಲು ಕೂತದ್ದನ್ನು ಹತ್ತಿರ ಹೋಗಿ ಕಣ್ಣಾರೆ ನೋಡಬೇಕು ಎಂದು ನಿಯಮವಿತ್ತು. ನಾನು ಹೋಗಲಿಲ್ಲ.

ಅಲ್ಲಿಂದ ಹದಿನೆಂಟು ದಿನ ನಡೆದೆವು. ಇಷ್ಟು ವರ್ಷದ ನೌಕರಿಯಲ್ಲಿ ನನಗೆ ನೆನಪಿಟ್ಟುಕೊಳ್ಳಬೇಕು ಅನ್ನಿಸುವುದು ಆ ಹದಿನೆಂಟು ದಿನ. ಬೆಳಿಗ್ಗೆ ಆರಕ್ಕೆ ಶುರುಮಾಡಿ ಹತ್ತೂವರೆಗೆ ನಿಲ್ಲಿಸುತ್ತಿದ್ದೆವು, ಮತ್ತೆ ಮೂರೂವರೆಯಿಂದ ಹೊತ್ತು ಮುಳುಗುವತನಕ. ಕೋಲು ಒಂದು ಕಡೆ ನಿಲ್ಲುತ್ತದೆ, ಯಂತ್ರ ಮುಂದಕ್ಕೆ ಹೋಗುತ್ತದೆ. ಯಂತ್ರ ನಿಲ್ಲುತ್ತದೆ, ಕೋಲು ಅದನ್ನು ದಾಟಿ ಮುಂದಕ್ಕೆ ಹೋಗುತ್ತದೆ. ಇಬ್ಬರು ಒಬ್ಬರನ್ನೊಬ್ಬರು ದಾಟುತ್ತ ದಾಟುತ್ತ ಕಮಲಾಪುರದ ಬಾಳೆತೋಟ, ಗದ್ದೆಗಳನ್ನು ಹಿಂದೆ ಬಿಟ್ಟು, ಹೊಸಪೇಟೆಯ ಹೊರಬದಿ ಹಾಯ್ದು ಮಲ್ಲಾಪುರದ ಕಡೆ ಬಂದೆವು. ಎಡಕ್ಕೆ ಸೊಂಡೂರಿನ ಗುಡ್ಡಗಳು ಬೆಳಗಿನ ಹೊತ್ತು ಕಂದು, ಸಂಜೆ ಕೆಂಪು. ಅದು ಕಬ್ಬು ಆಡಿಸುವ ಕಾಲ. ಗಾಣದವರು ನಮ್ಮನ್ನು ಕರೆದು ಬಾಳೆಲೆಯ ತುಂಡಿನ ಮೇಲೆ ಬಿಸಿ ಬೆಲ್ಲ ಹಾಕಿ ಕೊಡುತ್ತಿದ್ದರು. ಸರ್ಕಾರದವರೆಂಬ ಹೆದರಿಕೆಯಿಂದ ಕೊಡುತ್ತಿದ್ದರೋ ಪ್ರೀತಿಯಿಂದಲೋ ನಾವು ಕೇಳಲಿಲ್ಲ. ಎರೆಹೊಲಗಳಲ್ಲಿ ಹಾಲುಗಾಳಿನ ಜೋಳದ ತೆನೆ ಸುಟ್ಟು, ಉಜ್ಜಿ, ಚಟ್ನಿಪುಡಿ ಹಚ್ಚಿ ತಿಂದೆವು. ಹೊರಗೆ ತಿನ್ನಬಾರದು ಎಂದು ಮನೆಯಲ್ಲಿ ಹೇಳಿ ಕಳಿಸಿದ್ದರು. ಮೂರನೆಯ ದಿನಕ್ಕೆ ಅದನ್ನು ಮರೆತೆ.

ಮಧ್ಯಾಹ್ನ ಮರದ ಕೆಳಗೆ ಮಲಗಿದಾಗ ಪಂಪಣ್ಣ ಸರಪಳಿಯ ಕಾಲದ ಕಥೆ ಹೇಳುತ್ತಿದ್ದ. ಸೊಂಡೂರು ಸಂಸ್ಥಾನದ ಗಡಿ ಅಳೆಯುವಾಗ ಇವರ ಸರಪಳಿ ಒಂದು, ಸಂಸ್ಥಾನದ ಕಡೆಯವರ ಸರಪಳಿ ಇನ್ನೊಂದು.

"ಅವರದು ಗಿಡ್ಡ, ನಮ್ದು ಉದ್ದ. ಒಂದೊಂದು ಸರಪಳಿಗೆ ನಾಕು ಬೆರಳು ಫರಕು. ದಿನಾ ಜಗಳ."

"ಯಾವುದು ಸರಿ ಇತ್ತು?"

"ಯಾವ್ದೂ ಇಲ್ರಿ. ನಮ್ದು ಎಳದೆಳದು ಹಿಗ್ಗಿತ್ತು, ಅವರ್ದು ಕಮ್ಮಾರ ಕೊಂಡಿ ತೆಗದು ಬಗ್ಗಿಸಿ ಸಣ್ಣ ಮಾಡಿದ್ದ. ಕಡೀಗೆ ಎರಡೂ ಕಡಿ ಮಂದಿ ಕುಂತು ಬೀಡಿ ಸೇದಿ, ನಡುಕಿನ ಬಂಡೆಗಲ್ಲೇ ಗಡಿ ಅಂದ್ವಿ. ಇವತ್ತೂ ಅದ ಗಡಿ."

ಒಮ್ಮೆ ದುರ್ಬೀನಿನಲ್ಲಿ ನೋಡಬೇಕೆಂದ. ಕೋಲನ್ನು ಒಂದು ಜಾಲಿಮರಕ್ಕೆ ಕಟ್ಟಿ ನಿಲ್ಲಿಸಿ ಬಂದು ಕಣ್ಣಿಟ್ಟ. ಆ ಯಂತ್ರದಲ್ಲಿ ಎಲ್ಲ ತಲೆಕೆಳಗಾಗಿ ಕಾಣುತ್ತಿತ್ತು, ಅದೂ ಕೋಲಿನ ನಾಲ್ಕೈದು ಅಡಿಯಷ್ಟೇ.

"ಗಿಡ ತೆಳಗ ಮ್ಯಾಲ ಆಗೈತಲ್ರಿ."

"ಹಂಗೇ ಕಾಣ್ತದ. ರೂಢಿ ಆದ ಮ್ಯಾಲ ಏನೂ ಅನಸೂದಿಲ್ಲ."

"ಅಂದ್ರ ಇಷ್ಟ ದಿನ ನನ್ನ ತಲಿ ಕೆಳಗ ಮಾಡಿ ನೋಡೀರಿ."

"ಮುಖ ಕಾಣ್ತಿರಲಿಲ್ಲ. ಹೊಟ್ಟಿ ಅಷ್ಟೇ."

"ಹೊಟ್ಟಿ ನೆಟ್ಟಗಿದ್ರೂ ಅಷ್ಟ, ಉಲ್ಟಾ ಇದ್ರೂ ಅಷ್ಟ ಬಿಡ್ರಿ," ಎಂದು ಮರಕ್ಕೆ ಕಟ್ಟಿದ್ದ ಕೋಲು ಬಿಚ್ಚಲು ಹೋದ.

ಹದಿನೆಂಟನೆಯ ದಿನ ಮುದ್ದನಹಟ್ಟಿಗೆ ಬಂದೆವು. ಹೊಳೆಯಿಂದ ಮುಕ್ಕಾಲು ಮೈಲಿ ದೂರ, ನಲವತ್ತೊಂದು ಮನೆ. ಎಲ್ಲವೂ ಮಣ್ಣಿನ ಮಾಳಿಗೆಮನೆಗಳು. ನೆಲ ಎಷ್ಟು ಚಪ್ಪಟೆಯೆಂದರೆ ಊರಿನ ಈ ತುದಿಯಿಂದ ಆ ತುದಿಗೆ ಎರಡಡಿಯೂ ಏರುವುದಿಲ್ಲ. ಉಚ್ಚೆಂಗಮ್ಮನ ಮನೆ ಮೇಲಿನ ತುದಿಯಲ್ಲಿತ್ತು. ಗಂಡ ಬೇರೆಯವರ ಎತ್ತಿನ ಗಾಡಿ ಹೊಡೆದುಕೊಂಡು ತಿಂಗಳಿಗೆ ಇಪ್ಪತ್ತು ದಿನ ಹೊರಗೇ ಇರುತ್ತಿದ್ದ. ಗೋಡೆಯ ಮಣ್ಣು ತುಳಿದವಳು, ಮಾಳಿಗೆ ಸೋರದಂತೆ ಕರ್ಲುಮಣ್ಣು ಹೊತ್ತು ಹಾಕಿದವಳು ಅವಳೇ. ಬಾಗಿಲ ಚೌಕಟ್ಟು ಮಾತ್ರ ಪಂಪಣ್ಣ ಕಂಪ್ಲಿಯಿಂದ ಗಾಡಿ ಹಿಡಿದು ತಂದು ಕೊಟ್ಟದ್ದಂತೆ.

ಕೂಸನ್ನು ಸೊಂಟದಲ್ಲಿಟ್ಟುಕೊಂಡೇ ನಮಗೆ ಮಜ್ಜಿಗೆ ಕೊಟ್ಟಳು. ನಾನು ಅಂಕಿ ಓದಿ, ಕೂಡಿ ಕಳೆದು, ಮಟ್ಟ ಸಿಕ್ಕಲ್ಲೆಲ್ಲ ಗೂಟ ಹೊಡೆಸುತ್ತ ಹೋದೆ. ಗೂಟದಿಂದ ಗೂಟಕ್ಕೆ ಸುಣ್ಣದ ಗೆರೆ. ಗೆರೆ ಅವಳ ಮನೆಯ ಹಿತ್ತಲ ಆಚೆಗೆ ಹಾಯಿತು. ಇಡೀ ಹಟ್ಟಿ ಒಳಗಾಯಿತು.

ಪಂಪಣ್ಣ ಕೋಲು ಹಿಡಿದುಕೊಂಡೇ ನಿಂತಿದ್ದ. ಕೇಳಲಿಲ್ಲ. ಕೇಳಿದವಳು ಉಚ್ಚೆಂಗಮ್ಮ.

"ನನ್ ಮನಿ ಎಷ್ಟು ಮುಣಗ್ತೈತ್ರಿ?"

ನೆಲಕ್ಕೆ ಸಮವಾಗಿದ್ದ ಅವಳ ಹೊಸ್ತಿಲ ಮೇಲೆ ಕೋಲು ಹಿಡಿಸಿ ನೋಡಿದೆ. "ಹೊಸ್ತಿಲು ನೀರಿನ ಮಟ್ಟಕ್ಕಿಂತ ಒಂದು ಅಂಗುಲ ಕೆಳಗದ."

"ಒಂದು ಅಂಗುಲ." ಅವಳು ಹೆಬ್ಬೆರಳಿನ ಗೆಣ್ಣು ನೋಡಿಕೊಂಡಳು. "ಒಂದ್ ಅಂಗುಲ ನೀರಾಗ ನನ್ ಕೋಳಿನೂ ಮುಣಗಂಗಿಲ್ಲ."

"ಗೆರೆ ಅಂದ್ರ ಗೆರೆ, ಏನು ಮಾಡ್ಲಿಕ್ಕೂ ಬರೂದಿಲ್ಲಮ್ಮ."

"ಹೊಸ್ತಿಲು ಎರಡ್ ಅಂಗುಲ ಎತ್ತರ ಮಾಡ್ಕೊಂತೀನಿ."

"ನೆಲದ ಲೆಕ್ಕ ಅದು, ಹೊಸ್ತಿಲದ್ದಲ್ಲ."

ಅವಳು ಅಪ್ಪನ ಕಡೆ ತಿರುಗಿದಳು. "ಭಾಳ ಚಲೋ ಕೋಲು ತಂದಿ ಬಿಡಪ್ಪ. ಬಾಗ್ಲ ತಂದ್ ಕೊಟ್ಟಾಂವನೂ ನೀನ, ಮುಣಗ್ಸಾಕ ಬಂದಾಂವನೂ ನೀನ."

ಅವನು ಕೋಲು ಹೊತ್ತು ಹೊರಗೆ ನಡೆದ. ಆ ದಿನ ಅಲ್ಲಿ ಊಟವನ್ನೂ ಮಾಡಲಿಲ್ಲ.

ಎತ್ತರದ ಕೆಲಸವನ್ನು ಒಂದೇ ಕಡೆಯಿಂದ ಮಾಡಿ ನಂಬುವಂತಿಲ್ಲ. ಇನ್ನೊಂದು ತಂಡ ಹಡಗಲಿ ರಸ್ತೆಯ ಕಡೆಯ ಬೇರೊಂದು ಗುರುತಿನಿಂದ ಅಳೆದುಕೊಂಡು ಬಂದು ಮುದ್ದನಹಟ್ಟಿಯಲ್ಲೇ ನಮ್ಮನ್ನು ಕೂಡಿತು. ಅವರ ಲೆಕ್ಕ, ನಮ್ಮ ಲೆಕ್ಕ ಒಂದೇ ಗೂಟದ ಮೇಲೆ ಹೊಂದಬೇಕಿತ್ತು. ಒಂದೂವರೆ ಅಂಗುಲ ವ್ಯತ್ಯಾಸ ಬಂತು. ನಮ್ಮದು ಕಡಿಮೆ.

ನಮ್ಮ ಮೇಲಿನವರು ತಿರುಮಲರಾಯರೆಂಬ ಸೂಪರ್ವೈಸರು. ಹೊಸಪೇಟೆಯವರೇ. ಕೂಗಾಡುವ ಮನುಷ್ಯರಲ್ಲ. ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟುಕೊಂಡು, ಹಡಗಲಿ ಕಡೆಯವರು ಎರಡು ಸಲ ಅಳೆದಿದ್ದಾರೆ, ಎರಡು ಸಲವೂ ಹೊಂದಿದೆ, ತಪ್ಪು ನಿನ್ನದೇ ಎಂದರು. "ಹಿಂದಕ್ಕೆ ಅಳಕೋತ ಹೋಗು. ಎಲ್ಲಿ ಎಡವಿದ್ದೀ ನೋಡಿಕೊಂಡು ಬಾ. ಇಲ್ಲದಿದ್ರೆ ನಿನ್ನ ಕೆಲಸ ಇನ್ನೊಬ್ಬರಿಗೆ ಕೊಡ್ತೀನಿ."

ಬಂದ ದಾರಿಯಲ್ಲೇ ತಿರುಗಿ ಹೊರಟೆವು. ಮಲ್ಲಾಪುರದತನಕ ಸರಿಹೋಯಿತು. ಹೊಸಪೇಟೆಯ ಕಾಲುವೆಯತನಕ ಸರಿಹೋಯಿತು. ಪ್ರತಿ ಸಂಜೆ ಲೆಕ್ಕ ಹೊಂದಿದಂತೆ ನನಗೆ ಭಯ ಹೆಚ್ಚುತ್ತಿತ್ತು. ತಪ್ಪು ಮುಂದೆ ಮುಂದೆ ಓಡುತ್ತಿತ್ತು. ಕಮಲಾಪುರ ಒಂದು ಮೈಲಿ ಇರುವಾಗ ಮಧ್ಯಾಹ್ನದ ಬಿಡುವಿನಲ್ಲಿ ಪಂಪಣ್ಣ ಕೇಳಿದ.

"ಹುಡುಕಾದು ಏನಂತ ಸ್ವಲ್ಪ ಹೇಳ್ರಿ ರಾಯರ. ನಾನೂ ನೆನಪು ಮಾಡ್ಕೊಂತೀನಿ."

ಆಗ ನಾನು ಮೊದಲ ದಿನ ಹೇಳಬೇಕಿದ್ದದ್ದನ್ನು ಹೇಳಿದೆ. ಸರಪಳಿಯ ಕೆಲಸದಲ್ಲಿ ಗುರಿ ಹಿಡಿಯುವ ಬಾವುಟದ ಕೋಲನ್ನು ಕಲ್ಲಿನ ಮೇಲಿಟ್ಟರೂ ಒಂದೇ, ಹುಲ್ಲಿನ ಮೇಲಿಟ್ಟರೂ ಒಂದೇ. ಇಲ್ಲಿ ಹಾಗಲ್ಲ. ಗುರುತಿಗೂ ಕೋಲಿನ ಬುಡಕ್ಕೂ ನಡುವೆ ಒಂದು ಎಲೆ ಇದ್ದರೂ ಎಲೆಯಷ್ಟು ತಪ್ಪು. ಕೋಲು ಮೇಲೇರಿದರೆ ನನಗೆ ಕಾಣುವ ಅಂಕಿ ಕಡಿಮೆಯಾಗುತ್ತದೆ. ಅಲ್ಲಿಂದಾಚೆಯ ನೆಲವೆಲ್ಲ ಪುಸ್ತಕದಲ್ಲಿ ಅಷ್ಟು ಕುಗ್ಗುತ್ತದೆ. ನೆಲ ಕುಗ್ಗಿದರೆ ನೀರಿನ ಗೆರೆ ದೂರ ಹೋಗುತ್ತದೆ.

ಪಂಪಣ್ಣ ಕೈಯಲ್ಲಿದ್ದ ಹುಲ್ಲುಕಡ್ಡಿ ಮುರಿದು ಹಾಕಿದ.

"ಗುಡಿಯಾಗ ಅಮ್ಮಾರು ಒಂದ್ ಹಲಗಿ ಕೊಟ್ರು," ಎಂದ. "ಕುಂದ್ರೋ ಹಲಗಿ. ಅದರ ಮ್ಯಾಲ ಇಡು ಅಂದ್ರು. ಇಟ್ಟೆ."

"ಮಣೆ?"

"ಹೂನ್ರಿ. ನಿಮ್ಮನ್ನ ಕೇಳಿದ್ನಲ್ರಿ ಕೈ ಮಾಡಿ. ನೀವು ಹಂಗ ಮಾಡು ಅಂದ್ರಿ."

ನಾನು ಕೈಬೀಸಿದ್ದು ನನಗೂ ನೆನಪಿತ್ತು. ಆಮೇಲೆ ಅವನೇ ಕೇಳಿದ.

"ಹಲಗಿ ತೆಗದ್ರ ಉಚ್ಚೆಂಗಿ ಮನಿ ಮ್ಯಾಲ ಬರ್ತೈತೇನ್ರಿ?"

"ಒಂದೂವರೆ ಅಂಗುಲ ಏರ್ತದ. ಒಂದು ಅಂಗುಲ ಕೆಳಗ ಇತ್ತು. ಅರ್ಧ ಅಂಗುಲ ಮ್ಯಾಲ ಬರ್ತದ."

"ಅರ್ಧ ಅಂಗುಲ ಸಾಕ್ರಿ," ಎಂದು ಎದ್ದು ಬಟ್ಟೆ ಕೊಡವಿಕೊಂಡ. ಬಿಸಿಲು ಇಳಿಯುವುದಕ್ಕೂ ಕಾಯದೆ ಕಮಲಾಪುರದ ಕಡೆ ನಡೆದ.

ಅತ್ತೆ ಮಣೆ ತಂದು ತೋರಿಸಿದರು. ಹಲಸಿನ ಮರದ್ದು, ಕೆಳಗೆ ಎರಡು ಪಟ್ಟಿ ಹೊಡೆದದ್ದು. ಅಳೆದೆ. ಸರಿಯಾಗಿ ಒಂದೂವರೆ ಅಂಗುಲ.

"ಅತ್ತೆ, ಇದರಿಂದ ಸರ್ಕಾರದ ಲೆಕ್ಕ ತಪ್ಪಿತು."

"ಸರ್ಕಾರದ್ದು ತಪ್ಪಿದ್ರ ಸರ್ಕಾರ ತಿದ್ದಿಕೊಳ್ಳಲಿ. ದೇವರ ಜಗತಿ ಮ್ಯಾಲ ಊರ ಕೆಸರು ತುಳಿದ ಕೋಲು ಇಡಲಿಕ್ಕೆ ನಾ ಹ್ಯಾಂಗ ಬಿಡಲೋ ವ್ಯಾಸಾ? ಬರೇ ನೆಲದ ಮ್ಯಾಲ ಮನುಷ್ಯರನ್ನೇ ಕೂಡ್ರಸೂದಿಲ್ಲ ನಾವು."

"ಗುರುತು ಇಲ್ಲೇ ಅದಲ್ಲ."

"ಇಲ್ಲಿ ಹಾಕು ಅಂತ ಯಾರು ಹೇಳಿದ್ರು? ಕಲ್ಲು ಕೊರೆಯೋ ಮುಂದ ನಮ್ಮ ಮಾವನವರನ್ನ ಒಂದು ಮಾತು ಕೇಳಿದ್ರಂತೇನು? ಅವರು ಸ್ನಾನಕ್ಕ ಹೋಗಿ ಬರೋದ್ರಾಗ ಕೊರೆದು ಹೋಗಿದ್ರಂತ." ಆಮೇಲೆ ಪಂಪಣ್ಣನನ್ನು ನೋಡಿ, "ಇವನರೇ ಹೇಳಿದ ಮಾತು ಕೇಳ್ತಾನ. ನೀನೇ ವಾದ ಮಾಡ್ತೀ," ಎಂದರು.

ಕೊನೆಗೆ ಕೋಲಿನ ಬುಡವನ್ನು ಬಾವಿಯ ನೀರಿನಲ್ಲಿ ಮೂರು ಸಲ ತೊಳೆಸಿ, ಅರಿಸಿನ ಹಚ್ಚಿಸಿ, ಜಗತಿಗೆ ತಾಗಿಸಲು ಒಪ್ಪಿದರು. ಈ ಸಲ ನಾನು ಹತ್ತಿರ ನಿಂತು ನೋಡಿದೆ. ಲೆಕ್ಕ ಹೊಂದಿತು.

ತಿರುಮಲರಾಯರಿಗೆ ಲಿಖಿತ ಹೇಳಿಕೆ ಬೇಕಿತ್ತು. ಅದನ್ನು ಕೊಡಬೇಕಾದ ಹಿಂದಿನ ದಿನ ಸಂಜೆ ಪಂಪಣ್ಣ ಡೇರೆಗೆ ಬಂದು ನನ್ನ ಎದುರು ಕೂತ.

"ನಾನ ಇಟ್ಟೆ ಅಂತ ಬರೀರಿ. ನಿಮ್ಮನ್ನ ಕೇಳಿದ್ದು, ನೀವು ಕೈ ಮಾಡಿದ್ದು ಬ್ಯಾಡ."

"ಅದು ಸುಳ್ಳಾಗ್ತದ."

"ಇಟ್ಟಾಂವ ನಾನ ಅಲ್ಲೇನ್ರಿ? ನಿಮಗ ಇನ್ನೂ ಮೂವತ್ತು ವರ್ಷ ನೌಕ್ರಿ ಐತಿ. ನನಗ ಏನೈತಿ, ಇವತ್ತಲ್ಲ ನಾಳೆ ಮಗಳ ಮನಿ. ಮನಿ ಅಂತೂ ಉಳೀತಲ್ಲ."

ನಾನು ಬೇಡವೆನ್ನಲಿಲ್ಲ. ಹೇಳಿಕೆ ಬರೆದವನು ನಾನೇ. ಅವನು ಹೆಬ್ಬೆಟ್ಟು ಒತ್ತಿದ. ತಿರುಮಲರಾಯರು ಓದಿ, ನನ್ನನ್ನು ಒಂದು ಸಲ ನೋಡಿ, ಸಹಿ ಹಾಕಿದರು. ಗುರುತಿನ ಹತ್ತಿರ ಖುದ್ದು ಹೋಗಿದ್ದೆಯಾ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ನನಗೆ ಗೊತ್ತಿಲ್ಲ. ಹದಿನೈದು ದಿನಕ್ಕೆ ಪಂಪಣ್ಣನನ್ನು ಕೆಲಸದಿಂದ ತೆಗೆದ ಆದೇಶ ಬಂತು.

ಮುದ್ದನಹಟ್ಟಿಯಲ್ಲಿ ಹೊಸ ಗೆರೆ ಹಾಕಿದೆವು. ಆ ಚಪ್ಪಟೆ ನೆಲದಲ್ಲಿ ಒಂದೂವರೆ ಅಂಗುಲವೆಂದರೆ ಐವತ್ತು ಅಡಿ. ಗೆರೆ ಐವತ್ತು ಅಡಿ ಹೊಳೆಯ ಕಡೆ ಸರಿಯಿತು. ಉಚ್ಚೆಂಗಮ್ಮನ ಮನೆ, ಅದರ ಎಡಬಲದ ಎರಡು ಮನೆ ಹೊರಗೆ ಬಂದವು. ಅವಳ ಅಂಗಳದ ಮುಂದೆ ಕಲ್ಲು ನೆಟ್ಟರು. ಅವಳು ಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿ, ಶ್ಯಾವಿಗೆ ಪಾಯಸ ಮಾಡಿ, ತಂಡದವರಿಗೆಲ್ಲ ಬಡಿಸಿದಳು. ಪಂಪಣ್ಣ ಅಳಿಯನ ಹೊಸ ಪಂಚೆ ಉಟ್ಟು, ನಮಗೆಲ್ಲ "ಕುಂದ್ರಿ, ಕುಂದ್ರಿ" ಎಂದು ಉಪಚಾರ ಮಾಡುತ್ತ ಓಡಾಡಿದ. ಅವನು ಅಷ್ಟು ನಕ್ಕಿದ್ದನ್ನು ನಾನು ಆ ಮೊದಲು ನೋಡಿರಲಿಲ್ಲ.

ನನ್ನನ್ನು ಆಮೇಲೆ ಬೇರೆ ಕಡೆಗೆ ವರ್ಗ ಮಾಡಿದರು. ಮುದ್ದನಹಟ್ಟಿಗೆ ಮತ್ತೆ ಹೋದದ್ದು ೧೯೪೮ರ ಬೇಸಿಗೆಯಲ್ಲಿ, ಕಲ್ಲುಗಳ ತಪಾಸಣೆಗೆ. ನೀರು ಬರಲು ಇನ್ನೂ ವರ್ಷಗಳಿದ್ದವು. ಗೆರೆಯ ಒಳಗಿನ ಜನರನ್ನು ಆಗಲೇ ಎಂಟು ಮೈಲಿ ಆಚೆಯ ಹೊಸ ಊರಿಗೆ ಸಾಗಿಸಿದ್ದರು. ಅವರು ಮಾಳಿಗೆಯ ತೊಲೆ, ಬಾಗಿಲು, ಬೀಸುವ ಕಲ್ಲುಗಳನ್ನೆಲ್ಲ ಗಾಡಿಗೆ ಹೇರಿಕೊಂಡು ಹೋಗಿದ್ದರು. ಗೋಡೆಗಳು ನಿಂತಿದ್ದವು. ಗರಡಿಮನೆಯಲ್ಲಿ ಎಕ್ಕ ಬೆಳೆದಿತ್ತು.

ಹೊರಗುಳಿದ ಮೂರು ಮನೆಗಳಲ್ಲಿ ಎರಡರ ಜನ ಗುಳೆ ಹೋಗಿದ್ದರು. ಉಚ್ಚೆಂಗಮ್ಮ ಇದ್ದಳು. ಅವಳ ಗಂಡ ಪಾಲಿಗೆ ಮಾಡುತ್ತಿದ್ದ ಹೊಲ ಗೆರೆಯ ಒಳಗೆ, ಹಟ್ಟಿಯ ಎರಡೂ ಬಾವಿ ಗೆರೆಯ ಒಳಗೆ. ಬಾವಿ ಸೇದುವವರಿಲ್ಲದೆ ನೀರು ಹಸಿರಾಗಿತ್ತು. ಪಂಪಣ್ಣ ನಾಲ್ಕು ಆಡು ಕಾಯುತ್ತಿದ್ದ. ನನ್ನನ್ನು ಕಂಡು, ದುರ್ಬೀನು ತಂದೀರೇನು ಎಂದು ಕೇಳಿದ. ಆಡುಗಳ ಹಿಂದೆ ಅವನು ಹೋದ ಮೇಲೆ ಉಚ್ಚೆಂಗಮ್ಮ ಮಾತಾಡಿದಳು.

"ಬೆಂಕಿ ಇಸ್ಕೊಂಬಾಕ ಒಂದ್ ಮನಿ ಇಲ್ರಿ. ಹೋದ ಮಳಿಗಾಲದಾಗ ಕೂಸಿಗೆ ಜ್ವರ ಬಂತು. ಯಾರ್ನ ಕರೀಲಿ? ಎಂಟು ಮೈಲಿ ಎತ್ಕೊಂಡು ಹೋದೆ. ತಡ ಆಗಿತ್ತು."

ಮಗು ಇಲ್ಲದ್ದನ್ನು ನಾನು ಆಗ ಗಮನಿಸಿದೆ.

"ಹೊಸ ಊರಿಗೆ ಹೋಗಬಹುದಿತ್ತಲ್ಲಮ್ಮ."

"ಜಾಗ ಕೊಡಂಗಿಲ್ಲ ಅಂತಾರ. ನಿನ್ ಮನಿ ಮುಣಗಂಗಿಲ್ಲ, ನಿನಗ್ಯಾಕ ಜಾಗ ಅಂತಾರ." ಅವಳು ಅಪ್ಪ ಹೋದ ದಿಕ್ಕು ನೋಡಿ ದನಿ ತಗ್ಗಿಸಿದಳು. "ಅಪ್ಪಗ ಹೇಳಬ್ಯಾಡ್ರಿ. ಆ ಹಲಗಿ ಇನ್ನೊಂದ್ ಸಲ ಇಟ್ಟು ಅಳೀರಿ. ನನ್ ಮನಿ ಒಳಗ ಹೋಗ್ಲಿ."

"ಆಗೂದಿಲ್ಲಮ್ಮ."

"ಆಗ ಆಗಿತ್ತಲ್ರಿ."

ಅವಳ ಪರವಾಗಿ ಒಂದು ಅರ್ಜಿ ಬರೆದುಕೊಟ್ಟೆ. ಮೂರು ತಿಂಗಳ ಮೇಲೆ ಮೂರು ಸಾಲಿನ ಉತ್ತರ ಬಂತು: ಸದರಿ ಮನೆಯು ನೀರಿನ ಮಟ್ಟದಿಂದ ಮೇಲಿರುವುದು ಎರಡು ಸಲದ ಅಳತೆಯಿಂದ ಸ್ಥಿರಪಟ್ಟಿರುವುದರಿಂದ ಅರ್ಜಿಯನ್ನು ಪರಿಗಣಿಸಲು ಬರುವುದಿಲ್ಲ. ಅಳತೆ ನನ್ನದೇ. ಅದರಲ್ಲಿ ತಪ್ಪಿರಲಿಲ್ಲ.

ಮುಂದಿನ ವರ್ಷ ಅವರೂ ಬಿಟ್ಟುಹೋದರು. ಅವಳು ಗಂಡನೊಂದಿಗೆ ಹೊಸಪೇಟೆಯಲ್ಲಿ ಯಾರದೋ ಗಾಡಿಖಾನೆಯ ಪಕ್ಕದಲ್ಲಿದ್ದಾಳೆಂದು ಕೇಳಿದೆ. ಪಂಪಣ್ಣ ಕಂಪ್ಲಿಗೆ, ತಮ್ಮನ ಮನೆಗೆ ಹೋದ. ಅಲ್ಲೇ ತೀರಿಕೊಂಡನಂತೆ. ಯಾವ ವರ್ಷವೆಂದು ಗೊತ್ತಿಲ್ಲ, ನಾನು ವಿಚಾರಿಸಲಿಲ್ಲ.

ಮುದ್ದನಹಟ್ಟಿಯಲ್ಲಿ ನೀರಿಗೆ ಹೋದದ್ದು ಮೂವತ್ತೆಂಟು ಮನೆ, ಎರಡು ಬಾವಿ, ಒಂದು ಗರಡಿ, ಇನ್ನೂರ ಹನ್ನೆರಡು ಎಕರೆ ಎರೆಹೊಲ. ನೀರು ಮುಟ್ಟದೆ ಹೋದದ್ದು ಮೂರು ಮನೆ, ಒಂದು ಮಗು.